ನಾಲ್ಕು ಪಾಯಿಂಟ್ ಏರಿದರಂತೆ!

2028ರ ಅಧ್ಯಕ್ಷ ಚುನಾವಣೆಗೆ ಅಮೆರಿಕದಲ್ಲಿ ಪ್ರೈಮರಿ (ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಮತದಾರರೇ ಆರಿಸುವ ಒಳಚುನಾವಣೆ) ಪೋಲ್‌ಗಳು, ಅಂದರೆ ಸಮೀಕ್ಷೆಗಳು, ಯಾವಾಗಲೋ ಶುರುವಾಗಿಬಿಟ್ಟಿವೆ. ಡೆಮಾಕ್ರಟಿಕ್ ಕಡೆ ಗ್ಯಾವಿನ್ ನ್ಯೂಸಮ್, ಕಮಲಾ ಹ್ಯಾರಿಸ್, ಪೀಟ್ ಬುಟಿಜೆಜ್. ರಿಪಬ್ಲಿಕನ್ ಕಡೆ ಜೆ.ಡಿ. ವ್ಯಾನ್ಸ್. ಯಾರೋ ಒಬ್ಬರು ನಾಲ್ಕು ಪಾಯಿಂಟ್ ಏರಿದರೆ ಸಾಕು, ಅದರ ಸ್ಕ್ರೀನ್‌ಶಾಟ್ ಡಲ್ಲಾಸ್‌ನಿಂದ ದಾವಣಗೆರೆಯ ಫ್ಯಾಮಿಲಿ ಗ್ರೂಪ್‌ವರೆಗೂ ಓಡಾಡುತ್ತದೆ. ಆ ನಾಲ್ಕು ಪಾಯಿಂಟಿಗೆ ಅಷ್ಟೊಂದು ಮರ್ಯಾದೆ ಬೇಡ ಅನ್ನುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪೋಲ್ ಎಲ್ಲ ಸುಳ್ಳು ಅಂತಲ್ಲ. ಪ್ರೈಮರಿಯಲ್ಲಿ ಜನ ನಿಜವಾಗಿಯೂ ಮನಸ್ಸು ಬದಲಿಸುತ್ತಾರೆ, ಅದೂ ದಿಢೀರನೆ. ಆದರೆ ಹೆಡ್‌ಲೈನಿನಲ್ಲಿ ಕಾಣುವ ಏರಿಳಿತದ ದೊಡ್ಡ ಪಾಲು ಮನಸ್ಸು ಬದಲಾದದ್ದಲ್ಲ, ಪ್ರಶ್ನೆ ಕೇಳಿಸಿಕೊಂಡ ಜನ ಬದಲಾದದ್ದು.

ಮೊದಲು ಲೆಕ್ಕ ನೋಡಿಬಿಡೋಣ. ಅಯೋವಾದಲ್ಲಿ ಒಂದು ಪೋಲ್ 400 ಜನರನ್ನು ಕೇಳಿದೆ ಅನ್ನಿ. ಅಡಿಯಲ್ಲಿ ಸಣ್ಣಕ್ಷರದಲ್ಲಿ ಮಾರ್ಜಿನ್ ಆಫ್ ಎರರ್ (ನಿಜವಾದ ಅಂಕಿ ಎಷ್ಟು ಪಾಯಿಂಟ್ ಆಚೀಚೆ ಇರಬಹುದು ಅನ್ನುವ ಅಂದಾಜು) ±4.9 ಅಂತ ಹಾಕಿರುತ್ತಾರೆ. ಅದು ಶೇ. 50ರ ಆಸುಪಾಸಿನ ಅಂಕಿಗೆ. ಶೇ. 24 ಪಡೆದ ಅಭ್ಯರ್ಥಿಗೆ ಅದೇ ಲೆಕ್ಕ ±4.2 ಆಗುತ್ತದೆ. ಆದರೆ ನಮ್ಮ ಕಣ್ಣು ಹೋಗುವುದು ಲೀಡ್ ಮೇಲೆ: 24ಕ್ಕೆ 21, ಮೂರು ಪಾಯಿಂಟ್ ಮುಂದೆ. ಆ ಲೀಡ್‌ಗೆ ಮಾರ್ಜಿನ್ ±6.6. ಅಂದರೆ ಈ ಪುಣ್ಯಾತ್ಮ ಒಂಬತ್ತು ಪಾಯಿಂಟ್ ಮುಂದಿದ್ದರೂ ಇರಬಹುದು, ಮೂರು ಪಾಯಿಂಟ್ ಹಿಂದಿದ್ದರೂ ಇರಬಹುದು. ಮುಂದಿನ ವಾರ ಅದೇ ಸಂಸ್ಥೆ ಬೇರೆ 400 ಜನರನ್ನು ಕೇಳಿತು ಅನ್ನಿ, ಎರಡು ಪೋಲ್‌ಗಳ ತಪ್ಪೂ ಸೇರಿ ಲೀಡ್‌ನಲ್ಲಿನ ಬದಲಾವಣೆಗೆ ±9.3. ಇಡೀ ರಾಜ್ಯದಲ್ಲಿ ಒಬ್ಬರೂ ಮನಸ್ಸು ಬದಲಿಸದೆ ಇದ್ದರೂ "ಮೂರು ಮುಂದಿದ್ದವರು ಈಗ ನಾಲ್ಕು ಹಿಂದೆ" ಅನ್ನುವ ಸುದ್ದಿ ಸಲೀಸಾಗಿ ಹುಟ್ಟುತ್ತದೆ.

ಇದಿಷ್ಟೂ ಸ್ಯಾಂಪಲ್ ಪೂರ್ತಿ ಸರಿಯಾಗಿದ್ದರೆ ಮಾತ್ರ. ಅದು ಸರಿಯಾಗಿರುವುದು ಕಷ್ಟ. ಪ್ಯೂ ಸಂಸ್ಥೆಯ ಫೋನ್ ಸಮೀಕ್ಷೆಗಳಲ್ಲಿ 1997ರಲ್ಲಿ ನೂರಕ್ಕೆ 36 ಕಡೆಯಿಂದ ಉತ್ತರ ಸಿಗುತ್ತಿತ್ತು, 2018ರ ಹೊತ್ತಿಗೆ ಅದು 6ಕ್ಕೆ ಇಳಿಯಿತು. ಆ ಲೆಕ್ಕದಲ್ಲಿ 400 ಉತ್ತರ ಸಿಗಬೇಕಾದರೆ ಆರೂವರೆ ಸಾವಿರಕ್ಕೂ ಹೆಚ್ಚು ನಂಬರ್ ಬೇಕು. ಆ ಆರು ಜನ ಯಾರು, ಫೋನ್ ಎತ್ತದ ತೊಂಬತ್ತನಾಲ್ಕು ಜನ ಯಾರು ಅನ್ನುವುದೇ ಇಡೀ ಆಟ. ತಮ್ಮ ಅಭ್ಯರ್ಥಿ ಡಿಬೇಟ್‌ನಲ್ಲಿ ಮುಗ್ಗರಿಸಿದ ವಾರ ಅವರ ಬೆಂಬಲಿಗರಿಗೆ ಸಮೀಕ್ಷೆಯವರ ಜೊತೆ ಮಾತಾಡುವ ಉಮೇದೇ ಇರುವುದಿಲ್ಲ. 2012ರಲ್ಲಿ ಎಕ್ಸ್‌ಬಾಕ್ಸ್ ಬಳಸುವವರನ್ನೇ ದಿನದಿನ ಕೇಳುತ್ತಾ ಹೋದ ಒಂದು ಅಧ್ಯಯನದಲ್ಲಿ ಕಂಡದ್ದೂ ಇದೇ: ಒಬಾಮಾ–ರಾಮ್ನಿ ಮೊದಲ ಡಿಬೇಟ್ ಆದ ಮೇಲೆ ಕಂಡ ದೊಡ್ಡ ಜಿಗಿತದಲ್ಲಿ ಹೆಚ್ಚಿನದು ಯಾರು ಉತ್ತರ ಕೊಟ್ಟರು ಅನ್ನುವುದರ ವ್ಯತ್ಯಾಸ. ಪಕ್ಷ ಬದಲಿಸಿದವರು ತೀರಾ ಕಡಿಮೆ.

ಪ್ರೈಮರಿಗೆ ಇನ್ನೂ ಒಂದು ತೊಡಕಿದೆ. ಯಾರು ವೋಟ್ ಹಾಕಲು ಬರುತ್ತಾರೆ ಅನ್ನುವುದೇ ಗೊತ್ತಿರುವುದಿಲ್ಲ. ಅಯೋವಾದ ಜನಸಂಖ್ಯೆ ಸುಮಾರು 32 ಲಕ್ಷ. 2020ರ ಡೆಮಾಕ್ರಟಿಕ್ ಕಾಕಸ್‌ಗೆ (ಪ್ರೈಮರಿಯ ಬದಲು ಜನ ಸಭೆ ಸೇರಿ ಅಭ್ಯರ್ಥಿಯನ್ನು ಆರಿಸುವ ಪದ್ಧತಿ) ಬಂದವರು ಸುಮಾರು 1.76 ಲಕ್ಷ. ಈ ಸಣ್ಣ ಗುಂಪನ್ನು ಮೊದಲೇ ಹುಡುಕಿ ಹಿಡಿಯಬೇಕು. ಕೆಲವರು ಮತದಾರರ ಪಟ್ಟಿ ತೆಗೆದುಕೊಂಡು ಹಿಂದಿನ ಪ್ರೈಮರಿಗೆ ಬಂದವರಿಗಷ್ಟೇ ಫೋನ್ ಮಾಡುತ್ತಾರೆ. ಆಗ ಹೊಸಬರು, ಹುಡುಗರು ಬಿಟ್ಟುಹೋಗುತ್ತಾರೆ. ಇನ್ನು ಕೆಲವರು "ಖಂಡಿತ ಬರ್ತೀರಾ?" ಅಂತ ನೇರ ಕೇಳಿ ನಂಬುತ್ತಾರೆ. ಆಗ ಬರದವರೂ ಬರ್ತೀನಿ ಅಂತಾರೆ. 2008ರಲ್ಲಿ ಅಯೋವಾದ ಸಮೀಕ್ಷಕಿ ಆನ್ ಸೆಲ್ಜರ್ ಎರಡನೇ ದಾರಿ ಹಿಡಿದು, ಬರುವವರಲ್ಲಿ ಶೇ. 60 ಹೊಸಬರು, ಒಬಾಮಾ ಮುಂದೆ ಅಂದಾಗ ಎದುರಾಳಿ ಪ್ರಚಾರ ತಂಡಗಳು ಆಡಿಕೊಂಡವು. ಕಾಕಸ್ ದಿನ ಬಾಗಿಲಲ್ಲಿ ನಡೆದ ಸಮೀಕ್ಷೆಯಲ್ಲಿ ಹೊಸಬರು ಶೇ. 57. ಒಬಾಮಾ ಗೆದ್ದರು.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಮಿಷಿಗನ್ 2016ಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಮಾರ್ಚ್ 8ರಂದು ಡೆಮಾಕ್ರಟಿಕ್ ಪ್ರೈಮರಿಯ ಮತದಾನ. ಪೋಲ್‌ಗಳ ಸರಾಸರಿಯಲ್ಲಿ ಹಿಲರಿ ಕ್ಲಿಂಟನ್ ಸುಮಾರು 21 ಪಾಯಿಂಟ್ ಮುಂದೆ. ಚುನಾವಣಾ ಅಂದಾಜು ಹೇಳುತ್ತಿದ್ದ ಫೈವ್‌ಥರ್ಟಿಎಯ್ಟ್ ಜಾಲತಾಣದ ಮಾಡೆಲ್ ಅವರ ಗೆಲುವಿನ ಸಂಭವ ಶೇ. 99ಕ್ಕೂ ಹೆಚ್ಚು ಅಂತ ಹೇಳಿತ್ತು. ಬರ್ನಿ ಸ್ಯಾಂಡರ್ಸ್ ಒಂದೂವರೆ ಪಾಯಿಂಟಿನಲ್ಲಿ ಗೆದ್ದರು. ಕಾರಣ ಒಂದಲ್ಲ. 2008ರಲ್ಲಿ ಮಿಷಿಗನ್ ಪಕ್ಷದ ನಿಯಮ ಮುರಿದು ಪ್ರೈಮರಿಯನ್ನು ಮೊದಲೇ ಮಾಡಿಕೊಂಡಿತ್ತು, ಒಬಾಮಾ ಹೆಸರು ಮತಪತ್ರದಲ್ಲೇ ಇರಲಿಲ್ಲ. ಹಾಗಾಗಿ "ಹಿಂದಿನ ಸಲ ಯಾರು ಬಂದಿದ್ದರು" ಅನ್ನುವ ಪಟ್ಟಿ ಕೆಲಸಕ್ಕೆ ಬಾರದ್ದಾಗಿತ್ತು. ಮೇಲಾಗಿ ಅಲ್ಲಿ ಪಕ್ಷದ ನೋಂದಣಿಯೇ ಇಲ್ಲ, ಯಾರು ಬೇಕಾದರೂ ಯಾವ ಪಕ್ಷದ ಪ್ರೈಮರಿಗೆ ಬೇಕಾದರೂ ಬರಬಹುದು. ಅಮೆರಿಕದ ಕಾನೂನಿನ ಪ್ರಕಾರ ರೆಕಾರ್ಡ್ ಮಾಡಿದ ದನಿಯ ಆಟೋಡಯಲ್ ಕರೆಯನ್ನು ಒಪ್ಪಿಗೆ ಇಲ್ಲದೆ ಮೊಬೈಲ್‌ಗೆ ಮಾಡುವಂತಿಲ್ಲ. ಅಗ್ಗದ ಪೋಲ್‌ಗಳು ಲ್ಯಾಂಡ್‌ಲೈನ್‌ಗೆ ಮಾಡಿ ಮುಗಿಸುತ್ತವೆ. ಲ್ಯಾಂಡ್‌ಲೈನ್ ಎತ್ತುವವರು ವಯಸ್ಸಾದವರು, ಅವರು ಕ್ಲಿಂಟನ್ ಕಡೆ. ಮೂವತ್ತರೊಳಗಿನ ಐದರಲ್ಲಿ ನಾಲ್ವರು ಸ್ಯಾಂಡರ್ಸ್‌ಗೆ ಹಾಕಿದ್ದರು. ಆ ಹುಡುಗರ ಮನೆಯಲ್ಲಿ ಲ್ಯಾಂಡ್‌ಲೈನ್ ಎಲ್ಲಿಂದ ಬರಬೇಕು? ಹತ್ತು ಪೋಲ್ ಒಂದೇ ಕಡೆ ತಪ್ಪಿದ್ದರೆ ಅವುಗಳ ಸರಾಸರಿಯೂ ಅದೇ ಕಡೆ ತಪ್ಪುತ್ತದೆ. "ಆವರೇಜ್ ನೋಡಿ, ಸಾಕು" ಅನ್ನುವವರು ಇದನ್ನು ಮರೆಯುತ್ತಾರೆ.

ನ್ಯೂ ಹ್ಯಾಂಪ್‌ಶೈರ್ 2008ರ ಕಥೆ ಬೇರೆ ಥರ. ಜನವರಿ 3ಕ್ಕೆ ಅಯೋವಾ ಗೆದ್ದ ಒಬಾಮಾ, ಜನವರಿ 8ರ ಪ್ರೈಮರಿಗೆ ಸರಾಸರಿಯಲ್ಲಿ ಸುಮಾರು ಎಂಟು ಪಾಯಿಂಟ್ ಮುಂದಿದ್ದರು. ಗೆದ್ದದ್ದು ಕ್ಲಿಂಟನ್, 39ಕ್ಕೆ 36ರ ಆಸುಪಾಸಿನಲ್ಲಿ. ಹಿಂದಿನ ದಿನ ಪೋರ್ಟ್ಸ್‌ಮತ್‌ನ ಕೆಫೆಯಲ್ಲಿ ಅವರ ಕಣ್ಣು ತುಂಬಿ ಬಂದದ್ದೇ ಕಾರಣ ಅಂತ ಟಿವಿಯವರು ತೀರ್ಮಾನಿಸಿಬಿಟ್ಟರು. ಸಮೀಕ್ಷಕರ ಸಂಘ ಆಪೋರ್ ಕೂತು ತನಿಖೆ ಮಾಡಿದಾಗ ಸಿಕ್ಕಿದ್ದು ಅಷ್ಟು ಸಿನಿಮೀಯವಲ್ಲದ ಸಂಗತಿಗಳು. ಹೆಚ್ಚಿನ ಪೋಲ್‌ಗಳು ಭಾನುವಾರಕ್ಕೇ ಫೋನ್ ಕೆಲಸ ಮುಗಿಸಿದ್ದವು, ಮತದಾನ ಮಂಗಳವಾರ. ಮೊದಲ ಕರೆಗೇ ಸಿಗದೆ, ಮತ್ತೆ ಮತ್ತೆ ಪ್ರಯತ್ನಿಸಿದ ಮೇಲೆ ಸಿಗುವವರಲ್ಲಿ ಕ್ಲಿಂಟನ್ ಬೆಂಬಲ ಹೆಚ್ಚಿತ್ತು. ಅವಸರದ ಪೋಲ್ ಅಂಥವರನ್ನು ಬಿಟ್ಟು ಮುಂದೆ ಹೋಗುತ್ತದೆ. ಮತಪತ್ರದಲ್ಲಿ ಕ್ಲಿಂಟನ್ ಹೆಸರು ಮೇಲೆ, ಒಬಾಮಾ ಹೆಸರು ಕೆಳಗೆ ಇದ್ದದ್ದೂ ಒಂದಿಷ್ಟು ನೆರವಾಗಿರಬಹುದು. ಅದೇ ಸಂಸ್ಥೆಗಳು ಅದೇ ದಿನಗಳಲ್ಲಿ ಮಾಡಿದ ರಿಪಬ್ಲಿಕನ್ ಪೋಲ್‌ಗಳು ಮಕೇನ್ ಗೆಲುವನ್ನು ಸರಿಯಾಗಿಯೇ ಹೇಳಿದ್ದವು ಅನ್ನುವುದು ನನಗೆ ಎಲ್ಲಕ್ಕಿಂತ ಸೋಜಿಗದ ವಿಷಯ. ಕೈ ಒಂದೇ, ಅಡುಗೆ ಒಂದು ಕೆಟ್ಟಿತು, ಒಂದು ಸರಿಹೋಯಿತು.

ಇನ್ನು ಪ್ರಶ್ನೆ ಓದುವಾಗ ಆಗುವ ಎಡವಟ್ಟು. 2020ರ ಫೆಬ್ರವರಿ 1ರ ರಾತ್ರಿ, ಕಾಕಸ್‌ಗೆ ಎರಡು ದಿನ ಮುಂಚೆ, ಡೆ ಮೊಯ್ನ್ ರಿಜಿಸ್ಟರ್ ಪತ್ರಿಕೆ ಮತ್ತು ಸಿಎನ್‌ಎನ್‌ನ ಕೊನೆಯ ಅಯೋವಾ ಪೋಲ್ ಹೊರಬರಬೇಕಿತ್ತು. ಬರಲೇ ಇಲ್ಲ. ಉತ್ತರ ಕೊಟ್ಟವರೊಬ್ಬರು "ನನಗೆ ಓದಿದ ಪಟ್ಟಿಯಲ್ಲಿ ಬುಟಿಜೆಜ್ ಹೆಸರೇ ಇರಲಿಲ್ಲ" ಅಂತ ದೂರಿದರು. ಹುಡುಕಿದರೆ, ಕಾಲ್ ಸೆಂಟರ್‌ನಲ್ಲಿ ಒಬ್ಬ ಆಪರೇಟರ್ ಕಂಪ್ಯೂಟರ್ ಪರದೆಯ ಅಕ್ಷರ ದೊಡ್ಡದು ಮಾಡಿಕೊಂಡಿದ್ದರಂತೆ. ಪಟ್ಟಿಯ ತುದಿಯ ಹೆಸರು ಪರದೆಯಿಂದಾಚೆ ಜಾರಿತ್ತು. ಮೊದಲು ಓದಿದ ಹೆಸರಿಗೆ ಲಾಭ ಆಗಬಾರದು ಅಂತ ಪ್ರತಿ ಕರೆಗೂ ಹೆಸರುಗಳ ಕ್ರಮ ಕಲಸುತ್ತಾರೆ. ಹಾಗಾಗಿ ಎಷ್ಟು ಕರೆಯಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಅಂತ ಖಚಿತವಾಗಿ ಹೇಳುವ ದಾರಿಯೇ ಇರಲಿಲ್ಲ. ಪೋಲ್ ಪೂರ್ತಿ ಕೈಬಿಟ್ಟರು. ಕೊನೆಗೆ ಅಯೋವಾದಲ್ಲಿ ರಾಜ್ಯ ಡೆಲಿಗೇಟ್ (ಪಕ್ಷದ ಸಮಾವೇಶಕ್ಕೆ ಹೋಗುವ ಪ್ರತಿನಿಧಿಗಳು) ಲೆಕ್ಕದಲ್ಲಿ ಕೂದಲೆಳೆಯಷ್ಟು ಮುಂದೆ ಬಂದದ್ದು ಅದೇ ಬುಟಿಜೆಜ್. ಪ್ರಕಟಿಸದೆ ಬಿಟ್ಟದ್ದು ದೊಡ್ಡತನ ಅಂತಲೇ ನನ್ನ ಅಭಿಪ್ರಾಯ. ಎಷ್ಟು ಸಂಸ್ಥೆಗಳು ಹಾಗೆ ಮಾಡಿಯಾವು?

ಪಟ್ಟಿಯಲ್ಲಿ ಯಾರಿದ್ದಾರೆ ಅನ್ನುವುದನ್ನು ನೋಡದೆ ಎರಡು ಪೋಲ್ ಹೋಲಿಸುವುದು ಇನ್ನೊಂದು ತಪ್ಪು. 2015ರಲ್ಲಿ ಜೋ ಬೈಡನ್ ನಿಲ್ಲುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಕೆಲವು ಪೋಲ್‌ಗಳು ಅವರ ಹೆಸರು ಹಾಕಿದವು, ಕೆಲವು ಬಿಟ್ಟವು. ಹಾಕಿದಲ್ಲೆಲ್ಲ ಕ್ಲಿಂಟನ್ ಕುಸಿದಂತೆ ಕಂಡರು. ಅಕ್ಟೋಬರ್ 21ಕ್ಕೆ ಬೈಡನ್ "ನಾನಿಲ್ಲ" ಅಂದದ್ದೇ ತಡ, ಕ್ಲಿಂಟನ್ "ಚೇತರಿಸಿಕೊಂಡರು". ಈಗ 2028ಕ್ಕೂ ಹ್ಯಾರಿಸ್ ಇರುವ ಪಟ್ಟಿ, ಇಲ್ಲದ ಪಟ್ಟಿ ಅಂತ ನೋಡಿಕೊಳ್ಳಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನಿಜವಾದ ಬದಲಾವಣೆ ಹೇಗಿರುತ್ತದೆ ಅಂತಲೂ ಹೇಳಬೇಕಲ್ಲ. 2020ರಲ್ಲಿ ಬೈಡನ್ ಅಯೋವಾದಲ್ಲಿ ನಾಲ್ಕನೆಯವರು, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರು. ರಾಷ್ಟ್ರೀಯ ಸರಾಸರಿಯಲ್ಲಿ ಫೆಬ್ರವರಿ ಕೊನೆಗೆ ಶೇ. 17–18ರ ಸುತ್ತ ಇದ್ದರು. 26ಕ್ಕೆ ಸೌತ್ ಕ್ಯಾರೊಲಿನಾದ ಪ್ರಭಾವಿ ಸಂಸದ ಜಿಮ್ ಕ್ಲೈಬರ್ನ್ ಬೆಂಬಲ ಘೋಷಿಸಿದರು, 29ಕ್ಕೆ ಆ ರಾಜ್ಯದ ಪ್ರೈಮರಿಯಲ್ಲಿ ಬೈಡನ್‌ಗೆ ಸುಮಾರು ಶೇ. 49, ಸ್ಯಾಂಡರ್ಸ್‌ಗೆ 20. ಮಾರ್ಚ್ 1ಕ್ಕೆ ಬುಟಿಜೆಜ್, 2ಕ್ಕೆ ಏಮಿ ಕ್ಲೋಬುಷರ್ ಹಿಂದೆ ಸರಿದರು. ಒಂದೇ ದಿನ ಹಲವು ರಾಜ್ಯಗಳು ಮತ ಹಾಕುವ ಸೂಪರ್ ಟ್ಯೂಸ್‌ಡೇಯಲ್ಲಿ, ಅಂದರೆ 3ಕ್ಕೆ, 14 ರಾಜ್ಯಗಳಲ್ಲಿ 10 ಬೈಡನ್‌ಗೆ. ಮಾರ್ಚ್ ಮಧ್ಯಕ್ಕೆ ಸರಾಸರಿಯಲ್ಲಿ ಅರ್ಧ ದಾಟಿದ್ದರು. ಇದು ಸ್ಯಾಂಪಲ್ ಆಟವಲ್ಲ. ನವೆಂಬರ್ ಚುನಾವಣೆಯಲ್ಲಿ ಡೆಮಾಕ್ರಟ್ ಮತದಾರನಿಗೆ ರಿಪಬ್ಲಿಕನ್‌ಗೆ ಹಾಕಲು ಮನಸ್ಸು ಬರುವುದಿಲ್ಲ. ಪ್ರೈಮರಿಯಲ್ಲಿ ಎಲ್ಲರೂ ಮನೆಯವರೇ, ಇವರಿಲ್ಲದಿದ್ದರೆ ಅವರು. ಅದಕ್ಕೇ ಎರಡನೇ ಆಯ್ಕೆ ಯಾರು ಅನ್ನುವ ಪ್ರಶ್ನೆ ಇರುವ ಪೋಲ್‌ಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಅದೇ ವರ್ಷ ಅಯೋವಾದ ಮೊದಲ ಸುತ್ತಿನಲ್ಲಿ ಬೈಡನ್ ಶೇ. 14.9, ಬುಟಿಜೆಜ್ 21.3. ಶೇ. 15 ದಾಟದ ಗುಂಪಿನವರು ಬೇರೆ ಕಡೆ ಸೇರಿಕೊಂಡ ಮೇಲೆ ಬೈಡನ್ 13.7ಕ್ಕೆ ಇಳಿದರು, ಬುಟಿಜೆಜ್ 25.1ಕ್ಕೆ ಏರಿದರು. ಮೊದಲ ಆಯ್ಕೆಯನ್ನಷ್ಟೇ ಕೇಳಿದ ಪೋಲ್‌ಗೆ ಇದು ಕಾಣುವುದೇ ಇಲ್ಲ.

ಡೆಮಾಕ್ರಟಿಕ್ ಪಕ್ಷದಲ್ಲಿ ಆ 15ರ ಗೆರೆ ಎಲ್ಲ ರಾಜ್ಯಕ್ಕೂ ಇದೆ. ಅದಕ್ಕಿಂತ ಕೆಳಗಿದ್ದರೆ ರಾಜ್ಯ ಮಟ್ಟದ ಡೆಲಿಗೇಟ್ ಸೊನ್ನೆ. ಕ್ಯಾಲಿಫೋರ್ನಿಯಾದಲ್ಲಿ ಎಲಿಜಬೆತ್ ವಾರನ್ ಶೇ. 13, ಬ್ಲೂಮ್‌ಬರ್ಗ್ ಶೇ. 12, ಜಿಲ್ಲಾವಾರು ಸಿಕ್ಕ ಒಂದಿಷ್ಟು ಬಿಟ್ಟರೆ ಏನೂ ಇಲ್ಲ. 400 ಜನರ ಪೋಲ್ 13ಕ್ಕೂ 16ಕ್ಕೂ ವ್ಯತ್ಯಾಸ ಹೇಳಲಾರದು, ಡೆಲಿಗೇಟ್ ಲೆಕ್ಕದಲ್ಲಿ ಅದು ಆಕಾಶ ಪಾತಾಳ.

ನನಗೆ ನಿಜವಾಗಿ ಸಿಟ್ಟು ಬರುವುದು ಡಿಬೇಟ್ ವಿಷಯದಲ್ಲಿ. ದೇಶವ್ಯಾಪಿ ಪ್ರೈಮರಿ ಅನ್ನುವುದೇ ಇಲ್ಲ, ರಾಜ್ಯಗಳು ಬೇರೆ ಬೇರೆ ದಿನ ಮತ ಹಾಕುತ್ತವೆ. ಆದರೂ 2015ರ ಆಗಸ್ಟ್ 6ರ ಫಾಕ್ಸ್ ಡಿಬೇಟ್‌ಗೆ 17 ರಿಪಬ್ಲಿಕನ್ ಅಭ್ಯರ್ಥಿಗಳಲ್ಲಿ 10 ಜನರನ್ನು ಆರಿಸಿದ್ದು ಐದು ರಾಷ್ಟ್ರೀಯ ಪೋಲ್‌ಗಳ ಸರಾಸರಿಯಿಂದ. ಜಾನ್ ಕೇಸಿಕ್ ಒಳಗೆ, ರಿಕ್ ಪೆರಿ ಹೊರಗೆ. ಇಬ್ಬರ ನಡುವಿನ ಅಂತರ ಒಂದೆರಡು ಪಾಯಿಂಟ್. ಪೆರಿ ಹತ್ತಿರ ದುಡ್ಡೂ ಮುಗಿದಿತ್ತು ಅನ್ನಿ, ಸೆಪ್ಟೆಂಬರ್ 11ಕ್ಕೆ ಕಣ ಬಿಟ್ಟರು. ಕೇಸಿಕ್ ಮುಂದಿನ ಮೇವರೆಗೂ ಇದ್ದರು. ಅಳೆಯುವ ಕೋಲು ಅಳತೆ ಹೇಳುವುದು ಬಿಟ್ಟು ಬಾಗಿಲು ಕಾಯಲು ನಿಂತರೆ ಹೀಗಾಗುತ್ತದೆ.

ನಮ್ಮವರಿಗೆ ಸಂಬಂಧಿಸಿದ ಒಂದು ಮಾತು. "ಇಂಡಿಯನ್ ಅಮೆರಿಕನ್ನರು ಇವರ ಕಡೆ" ಅಂತ ರಾಷ್ಟ್ರೀಯ ಪೋಲ್ ತೋರಿಸಿ ಯಾರಾದರೂ ಹಾಕಿದರೆ ನಂಬಬೇಡಿ. ಭಾರತೀಯ ಮೂಲದವರು ಅಲ್ಲಿ ಸುಮಾರು ಶೇ. ಒಂದೂವರೆ. ಸಾವಿರ ಜನರ ಸ್ಯಾಂಪಲ್‌ನಲ್ಲಿ ಹದಿನೈದು ತಲೆ ಸಿಕ್ಕರೆ ಹೆಚ್ಚು, ಮಾರ್ಜಿನ್ ±25. ಅದರಲ್ಲೂ ಎಚ್-1ಬಿ, ಗ್ರೀನ್ ಕಾರ್ಡ್‌ನವರಿಗೆ ವೋಟೇ ಇಲ್ಲ. ಹೆಸರು ಕೇಳಿ ಗೊತ್ತಿರುವುದಷ್ಟೇ ಪೋಲ್‌ನಲ್ಲಿ ಹೇಗೆ ಬೆಂಬಲವಾಗಿ ಕಾಣುತ್ತದೆ ಅನ್ನುವುದಕ್ಕೂ ನಮ್ಮ ಕಡೆಯದೇ ಉದಾಹರಣೆ ಇದೆ, ಅಧ್ಯಕ್ಷ ಚುನಾವಣೆಯದಲ್ಲದಿದ್ದರೂ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2018ರ ಮಿಷಿಗನ್ ಗವರ್ನರ್ ಪ್ರೈಮರಿಗೆ ಸ್ವಂತ ದುಡ್ಡು ಸುರಿದು ಎಲ್ಲರಿಗಿಂತ ಮೊದಲು ಟಿವಿ ಜಾಹೀರಾತು ಹಾಕಿದರು. ವರ್ಷದ ಆರಂಭದ ಕೆಲವು ಪೋಲ್‌ಗಳಲ್ಲಿ ಮುಂದಿದ್ದರು. ಆಗಸ್ಟ್‌ನಲ್ಲಿ ಮೂರನೆಯವರು, ಗ್ರೆಚೆನ್ ವಿಟ್ಮರ್ ಅರ್ಧಕ್ಕಿಂತ ಹೆಚ್ಚು ಮತ ಪಡೆದರು. (ಥಾನೇದಾರ್ ಆಮೇಲೆ ಅಮೆರಿಕ ಸಂಸತ್ತಿಗೆ ಆಯ್ಕೆಯಾದರು, ಅದು ಬೇರೆ ಕಥೆ.)

ಹಾಗಾಗಿ ಸ್ಕ್ರೀನ್‌ಶಾಟ್ ಬಂದರೆ ಮೊದಲು ಅಡಿಯ ಸಾಲು ನೋಡಿ. ಫೋನ್ ಮಾಡಿದ ದಿನಾಂಕ ಯಾವುದು. ಪ್ರಕಟಣೆಯ ದಿನಾಂಕ ಬೇಡ. ಕೇಳಿದ್ದು ಎಲ್ಲ ವಯಸ್ಕರನ್ನೋ, ನೋಂದಾಯಿತ ಮತದಾರರನ್ನೋ, ಪ್ರೈಮರಿಗೆ ಬರುವ ಸಾಧ್ಯತೆ ಇರುವವರನ್ನೋ. ಒಟ್ಟು ಸ್ಯಾಂಪಲ್ 1000 ಅಂತಿದ್ದರೂ ಈ ಪಕ್ಷದ ಪ್ರೈಮರಿ ಪ್ರಶ್ನೆ ಕೇಳಿದ್ದು ಎಷ್ಟು ಜನಕ್ಕೆ. ಸಾಮಾನ್ಯವಾಗಿ 400ರ ಆಸುಪಾಸು. ದುಡ್ಡು ಯಾರದ್ದು, ಅಭ್ಯರ್ಥಿಯ ತಂಡದ್ದಾದರೆ ಅವರು ತಮಗೆ ಚೆನ್ನಾಗಿ ಕಂಡದ್ದನ್ನಷ್ಟೇ ಹೊರಗೆ ಬಿಟ್ಟಿರುತ್ತಾರೆ. ಹೋಲಿಸುವುದಾದರೆ ಅದೇ ಸಂಸ್ಥೆಯ ಹಿಂದಿನ ಪೋಲ್ ಜೊತೆ, ಅದೇ ಹೆಸರಿನ ಪಟ್ಟಿಯ ಜೊತೆ ಹೋಲಿಸಿ. ಬೇರೆ ಬೇರೆ ವಿಧಾನದ ಮೂರ್ನಾಲ್ಕು ಸಂಸ್ಥೆಗಳು ಒಂದೇ ದಿಕ್ಕಿಗೆ ಸರಿದರೆ ಆಗ ನಾನೂ ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಅಲ್ಲಿಯವರೆಗೆ 2007 ನೆನಪಿರಲಿ: ಆ ವರ್ಷದ ಬಹುಪಾಲು ರಿಪಬ್ಲಿಕನ್ ರಾಷ್ಟ್ರೀಯ ಪೋಲ್‌ಗಳಲ್ಲಿ ಮುಂದಿದ್ದವರು ರೂಡಿ ಜುಲಿಯಾನಿ. ಒಂದೂ ರಾಜ್ಯ ಗೆಲ್ಲದೆ 2008ರ ಜನವರಿ 30ಕ್ಕೆ ಮನೆಗೆ ಹೋದರು.