ಟೆಸ್ಟ್ ಡೇಟಾದಲ್ಲಿ ಮಂಜೇಶ್ವರವೂ ಇರಲಿ

ಯಾವ ಎಡಿಟರ್ ಒಳ್ಳೆಯದು, ಟ್ಯಾಬೋ ಸ್ಪೇಸೋ, ಯಾವ ಎಐ ಚೆನ್ನಾಗಿ ಕೋಡ್ ಬರೆಯುತ್ತದೆ? ನಮ್ಮ ಡೆವಲಪರ್ ಗೆಳೆಯರು ಈ ಚರ್ಚೆಗೆ ಕೂತರೆ ಏಳುವುದೇ ಇಲ್ಲ. ನನ್ನ ಚಿಂತೆ ಬೇರೆ. ನಿಮ್ಮ ಪ್ರಾಜೆಕ್ಟಿನ ಟೆಸ್ಟ್ ಡೇಟಾ, ಅಂದರೆ ಪರೀಕ್ಷೆಗೆಂದು ತುಂಬಿಸುವ ಮಾದರಿ ಮಾಹಿತಿ, ಒಮ್ಮೆ ತೆರೆದು ನೋಡಿ. ಜಾನ್ ಡೋ ಇರುತ್ತಾನೆ, ಟೆಸ್ಟ್ ಯೂಸರ್ ಒನ್ ಇರುತ್ತಾನೆ. ಕನ್ನಡ ಲಿಪಿಯಲ್ಲಿ ಒಂದೇ ಒಂದು ಹೆಸರು ಇರುವುದಿಲ್ಲ. ಆ ಸಾಫ್ಟ್‌ವೇರ್ ಬಳಸುವವರು ಮಾತ್ರ ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆಯವರು, ಬದಿಯಡ್ಕದವರು.

ನಮ್ಮ ಕಡೆಯ ಒಂದು ಸೊಸೈಟಿಯಲ್ಲಿ ಸದಸ್ಯರ ಪಟ್ಟಿ ಹೊಸ ಸಾಫ್ಟ್‌ವೇರಿಗೆ ಬಂತು. ಹಿಂದೆ ‘ನುಡಿ’ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಟ್ಟದ್ದನ್ನು, ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಯೂನಿಕೋಡಿಗೆ ಬದಲಾಯಿಸಿ ತುಂಬಿಸಿದ್ದರು. ಕೌಂಟರಿನಲ್ಲಿ ಕೂರುವ ಅಕ್ಕ ‘ಗೋಪಾಲ’ ಎಂದು ಹುಡುಕಿದರೆ ಏನೂ ಬರುವುದಿಲ್ಲ. ಪಟ್ಟಿಯನ್ನು ಕೆಳಗೆ ಸರಿಸುತ್ತಾ ಹೋದರೆ ಗೋಪಾಲ ಅಲ್ಲೇ ಇದ್ದಾರೆ. “ನೋಡು ಮಾರಾಯ, ನನ್ನ ಕಣ್ಣಿಗೆ ಕಾಣ್ತದೆ, ಇದಕ್ಕೆ ಕಾಣುದಿಲ್ಲ” ಎಂದರು.

ಎರಡೂ ಹೆಸರನ್ನು ಕಾಪಿ ಮಾಡಿ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದೊಂದೇ ಕೋಡ್ ಪಾಯಿಂಟ್ (ಯೂನಿಕೋಡಿನ ಆ ಸಂಖ್ಯೆ) ಬಿಡಿಸಿ ನೋಡಿದೆ. ಅಕ್ಕ ಟೈಪ್ ಮಾಡಿದ ‘ಗೋ’ದಲ್ಲಿ ಇದ್ದದ್ದು ಎರಡು: ಗ, ಅದಕ್ಕೆ ಓತ್ವ. ಹಳೆಯ ಪಟ್ಟಿಯ ‘ಗೋ’ದಲ್ಲಿ ನಾಲ್ಕು: ಗ, ಎತ್ವ, ಕೊಂಬಿನ ದೀರ್ಘ, ಆಮೇಲೆ ಬೇರೆಯೇ ಒಂದು ದೀರ್ಘದ ಗುರುತು. ಸ್ಕ್ರೀನಿನ ಮೇಲೆ ಎರಡೂ ಒಂದೇ ಥರ. ಹಳೆಯ ಫಾಂಟುಗಳಲ್ಲಿ ಅಕ್ಷರವನ್ನು ತುಂಡು ತುಂಡಾಗಿ ಜೋಡಿಸಿ ತೋರಿಸುತ್ತಿದ್ದರು. ಬದಲಾಯಿಸುವಾಗ ಆ ತುಂಡುಗಳು ಹಾಗೇ ಉಳಿದುಬಿಟ್ಟಿದ್ದವು.

ಮದ್ದು ಇದೆ, ಅದೂ ಒಂದೇ ಸಾಲಿನದು. ಎನ್‌ಎಫ್‌ಸಿ ನಾರ್ಮಲೈಸೇಶನ್, ಅಂದರೆ ಒಂದೇ ಅಕ್ಷರದ ಬೇರೆ ಬೇರೆ ರೂಪಗಳನ್ನು ಒಂದೇ ರೂಪಕ್ಕೆ ತರುವ ಕೆಲಸ, ಮಾಡಿದರೆ ಆ ತುಂಡುಗಳು ಸೇರಿ ಒಂದೇ ಓತ್ವ ಆಗುತ್ತವೆ. ಜಾವಾಸ್ಕ್ರಿಪ್ಟಿನ ಸ್ಟ್ಯಾಂಡರ್ಡಿನಲ್ಲಿ ಇದು 2015ರಿಂದಲೇ ಇದೆ. ಪೈಥಾನಿನಲ್ಲೂ ಇದೆ, ಏನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಡೇಟಾ ಉಳಿಸುವಾಗಲೂ ಹುಡುಕುವಾಗಲೂ ಮಾಡಿದರಾಯಿತು. ಟೂಲ್ ಇಷ್ಟು ವರ್ಷದಿಂದ ಕೈಯಲ್ಲೇ ಇದ್ದರೂ ಅಕ್ಕ ಪಟ್ಟಿ ಸರಿಸುತ್ತಾ ಕೂರಬೇಕಾಯಿತು. ಟೆಸ್ಟಿನಲ್ಲಿ ಒಬ್ಬ ಗೋಪಾಲ ಇದ್ದಿದ್ದರೆ ಸಾಕಿತ್ತು.

ಉದ್ದದ ವಿಷಯವೂ ಹೀಗೇ. ‘ಕಾಸರಗೋಡು’ ನಮ್ಮ ಕಣ್ಣಿಗೆ 5 ಅಕ್ಷರ. ಪೈಥಾನ್, ಜಾವಾಸ್ಕ್ರಿಪ್ಟ್ ಕೇಳಿದರೆ ಸ್ವರಚಿಹ್ನೆಗಳನ್ನೂ ಬೇರೆಯಾಗಿ ಎಣಿಸಿ 8 ಅನ್ನುತ್ತವೆ. ಗೋ ಭಾಷೆ ಬೈಟ್ ಎಣಿಸಿ 24 ಅನ್ನುತ್ತದೆ. ಸ್ವಿಫ್ಟ್ ಮಾತ್ರ ನಮ್ಮ ಹಾಗೆ 5 ಎಣಿಸುತ್ತದೆ. ಯಾವುದೂ ತಪ್ಪಲ್ಲ, ಆದರೆ ನಿಮ್ಮ ಭಾಷೆ ಏನನ್ನು ಎಣಿಸುತ್ತಿದೆ ಅಂತ ನಿಮಗೆ ಗೊತ್ತಿರಬೇಕು. ಜಾಗ ಸಾಲದು ಅಂತ ಹೆಸರನ್ನು ಆರು ಕೋಡ್ ಪಾಯಿಂಟಿಗೆ ಕತ್ತರಿಸುವ ಕೋಡಿಗೆ ‘ಮಂಜೇಶ್ವರ’ ಕೊಟ್ಟು ನೋಡಿ. ‘ಮಂಜೇಶ್’ ಉಳಿಯುತ್ತದೆ. ಊರಿನ ಹೆಸರು ಯಾರದೋ ಹುಡುಗನ ಹೆಸರಾಯಿತು, ಅಲ್ವಾ?

ಎಐ ಬಗ್ಗೆ ನನಗೆ ತಕರಾರಿಲ್ಲ, ದಿನಾ ಬಳಸುತ್ತೇನೆ. ಆದರೆ ಹೆಸರನ್ನು ಪರೀಕ್ಷಿಸುವ ರೆಜೆಕ್ಸ್ (ಯಾವ ಅಕ್ಷರಗಳನ್ನು ಒಪ್ಪಬೇಕು ಎಂದು ಹೇಳುವ ಸೂತ್ರ) ಕೇಳಿದರೆ ಎಷ್ಟೋ ಸಲ ಎ ಇಂದ ಜೆಡ್ ವರೆಗಿನದನ್ನೇ ಕೊಡುತ್ತದೆ. ಸುಮ್ನೆ ಒಪ್ಪಿಕೊಳ್ಳಬೇಡಿ. ಪೈಥಾನಿನ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು, ಅಂದರೆ ರೆಜೆಕ್ಸಿನಲ್ಲಿ ‘ಯಾವುದೇ ಅಕ್ಷರ’ ಎನ್ನುವ ಗುರುತು ಕೂಡ ಸಾಲದು. ಅದು ಕನ್ನಡದ ವ್ಯಂಜನವನ್ನು ಒಪ್ಪುತ್ತದೆ, ಕೊಂಬು, ಇಳಿಗಳನ್ನು ಒಪ್ಪುವುದಿಲ್ಲ. ‘ಕುಂಬಳೆ’ ಎರಡು ತುಂಡಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಕೆಲಸ ಇನ್ನೂ ಜಾಸ್ತಿ. ಕನ್ನಡದ ಜೊತೆಗೆ ಮಲಯಾಳವೂ ಬೇಕು. ಕಾಸರಗೋಡು ಎಂಬ ಹೆಸರನ್ನು ಮಲಯಾಳದಲ್ಲಿ ಬರೆಯುವಾಗ ಸಾಮಾನ್ಯವಾಗಿ ನಡುವೆ ಒಂದು ಚಿಲ್ಲು, ಅಂದರೆ ಸ್ವರವಿಲ್ಲದ ವ್ಯಂಜನಕ್ಕಿರುವ ವಿಶೇಷ ಅಕ್ಷರ, ಬರುತ್ತದೆ. 2008ರ ಯೂನಿಕೋಡ್ 5.1ರಲ್ಲಿ ಚಿಲ್ಲುಗಳಿಗೆ ಸ್ವಂತ ಕೋಡ್ ಸಿಕ್ಕಿತು. ಅದಕ್ಕೂ ಹಿಂದೆ ಮೂರು ಕೋಡ್ ಸೇರಿಸಿ ಬರೆಯುತ್ತಿದ್ದರು. ಇವೆರಡನ್ನು ಎನ್‌ಎಫ್‌ಸಿ ಒಂದು ಮಾಡುವುದಿಲ್ಲ, ನಾವೇ ಬರೆದುಕೊಳ್ಳಬೇಕು. ತಿರುವನಂತಪುರದಲ್ಲೋ ಬೆಂಗಳೂರಿನಲ್ಲೋ ಕೂತವರಿಗೆ ಒಂದು ಲಿಪಿ ನೋಡಿದರೆ ಮುಗಿಯಬಹುದು. ಎರಡೂ ಓದಲು ಬರುವ ನಾವು ಹೇಳದಿದ್ದರೆ ಯಾರು ಹೇಳಬೇಕು?

ಕೋಡನ್ನೇ ಕನ್ನಡದಲ್ಲಿ ಬರೆಯಿರಿ ಅಂತ ನಾನು ಹೇಳುತ್ತಿಲ್ಲ. ಪೈಥಾನ್ 3ರಲ್ಲಿ ಕನ್ನಡದ ವೇರಿಯಬಲ್ ಹೆಸರು ನಡೆಯುತ್ತದೆ, ಆದರೆ ಟೀಮಿನಲ್ಲಿ ಎಲ್ಲರಿಗೂ ಓದಲು ಬರಬೇಕಲ್ಲ. ನಾನು ಕೇಳುವುದು ಟೆಸ್ಟನ್ನು. ಹೆಸರು, ವಿಳಾಸ, ಊರು ಇರುವ ಕೋಡ್ ರಿವ್ಯೂಗೆ ಬಂದರೆ, ಕನ್ನಡದ್ದೊಂದು, ಮಲಯಾಳದ್ದೊಂದು ಟೆಸ್ಟ್ ಇಲ್ಲದೆ ನಾನು ಅಪ್ರೂವ್ ಮಾಡುವುದಿಲ್ಲ. ಟೀಮಿನವರಿಗೆ ಮೊದಲು ಕಿರಿಕಿರಿ ಆಗುತ್ತಿತ್ತು, ಈಗ ಅವರೇ ಬರೆದು ತರುತ್ತಾರೆ.

ಈಗ ಮೂರನೆಯ ಟೆಸ್ಟೂ ಸೇರಿಸಿದ್ದೇನೆ. 2024ರ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿ ಬಂತು. ಕನ್ನಡ, ಮಲಯಾಳದ ಅಕ್ಷರಕ್ಕೆ ಯೂನಿಕೋಡನ್ನು ಉಳಿಸಿಡುವ ಯುಟಿಎಫ್-8 ಕ್ರಮದಲ್ಲಿ 3 ಬೈಟ್ ಬೇಕು, ಇದಕ್ಕೆ 4. ಮೈಎಸ್‌ಕ್ಯುಎಲ್‌ ಡೇಟಾಬೇಸಿನಲ್ಲಿ ಯುಟಿಎಫ್8 ಅಂತ ಇಟ್ಟಿರುವ ಹಳೆಯ ಕಾಲಮಿಗೆ ಹಿಡಿಸುವುದು 3 ಮಾತ್ರ. ಅದನ್ನು ಯುಟಿಎಫ್8ಎಂಬಿ4 ಮಾಡದಿದ್ದರೆ ತುಳು ಲಿಪಿಯಲ್ಲಿ ಬರೆದ ಹೆಸರು ಒಳಗೇ ಹೋಗುವುದಿಲ್ಲ. ನಿಮ್ಮ ಟೇಬಲ್ ಯಾವುದರಲ್ಲಿದೆ ಅಂತ ಇವತ್ತೇ ನೋಡಿಬಿಡಿ.