ಕಡಲಡಿಯ ಹಳೆಯ ನೆಲ: ಮುಟ್ಟದೆ ಬಿಡಬೇಕೇ, ಅಗೆಯಬೇಕೇ?

ಪರ: ಇದ್ದಲ್ಲೇ ಇರಲಿ

ಸುಮಾರು 20,000 ವರ್ಷಗಳ ಹಿಂದೆ ಕಡಲಿನ ನೀರು ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಹಿಮಯುಗದ ಮಂಜುಗಡ್ಡೆ ಕರಗತೊಡಗಿದ ಮೇಲೂ ಸಾವಿರಾರು ವರ್ಷ ಬ್ರಿಟನ್ನಿನಿಂದ ಯೂರೋಪಿಗೆ ನಡೆದೇ ಹೋಗಬಹುದಿತ್ತು. ಜನ ಓಡಾಡಿದ್ದ ಆ ಬಯಲು ಈಗ ಉತ್ತರ ಸಮುದ್ರದ ತಳ. ಹೆಸರು ಡಾಗರ್‌ಲ್ಯಾಂಡ್.

ಗಾಳಿಯಾಡದ ಕೆಸರಿನಲ್ಲಿ ಮರ, ಬೀಜ, ಎಲೆಗಳು ಕೊಳೆಯದೆ ಉಳಿಯುತ್ತವೆ. ಮೇಲೆತ್ತಿದ ದಿನವೇ ಕಷ್ಟ ಶುರು. ನೆನೆದ ಮರ ಒಣಗಿದರೆ ಮುದುರಿ ಬಿರುಕು ಬಿಡುತ್ತದೆ. ಮೇಣದಂಥ ರಾಸಾಯನಿಕದಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅದನ್ನು ನೆನೆಹಾಕಬೇಕು. ಒಮ್ಮೆ ಅಗೆದ ಜಾಗ ಹೋದ ಹಾಗೆಯೇ. ನೀರಡಿಯ ಪರಂಪರೆಯ ಬಗೆಗಿನ ಯುನೆಸ್ಕೋದ 2001ರ ಒಪ್ಪಂದವೂ ಇದ್ದಲ್ಲೇ ಉಳಿಸುವುದನ್ನು ಮೊದಲು ಯೋಚಿಸಿ ಎನ್ನುತ್ತದೆ.

ನೋಡಲು ಅಗೆಯಲೇಬೇಕಿಲ್ಲ. ತೈಲ ಹುಡುಕಲು ಮಾಡಿಸಿದ್ದ ಸೀಸ್ಮಿಕ್ ಸರ್ವೆಯನ್ನೇ (ತಳಕ್ಕೆ ಶಬ್ದದ ಅಲೆ ಕಳಿಸಿ, ಮರಳಿ ಬಂದದ್ದರಿಂದ ಒಳಪದರ ಅಳೆಯುವುದು) ಇಟ್ಟುಕೊಂಡು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ವಿನ್ಸೆಂಟ್ ಗ್ಯಾಫ್ನಿ ತಂಡ ಡಾಗರ್‌ಲ್ಯಾಂಡಿನ ನದಿಗಳ ನಕ್ಷೆ ಬಿಡಿಸಿತು.

ವಿರೋಧ: ಕಡಲು ಬಿಟ್ಟರೆ ತಾನೇ?

ಇದ್ದಲ್ಲೇ ಇರಲಿ ಅನ್ನುವುದು ಕೇಳಲು ಚೆಂದ. ಆದರೆ ಕಡಲು ಬಿಡಬೇಕಲ್ವಾ? 1999ರಲ್ಲಿ ಇಂಗ್ಲೆಂಡಿನ ಐಲ್ ಆಫ್ ವೈಟ್ ಬಳಿ, ಬೋಲ್ಡ್‌ನರ್ ಕ್ಲಿಫ್‌ನಲ್ಲಿ, 11 ಮೀಟರ್ ಆಳದಲ್ಲಿ ಒಂದು ಲಾಬ್‌ಸ್ಟರ್ (ದೊಡ್ಡ ಸೀಗಡಿಯಂಥ ಕಡಲಜೀವಿ) ಬಿಲ ತೋಡಿತ್ತು. ಅದು ಹೊರಗೆ ತಳ್ಳಿದ ಮಣ್ಣಿನಲ್ಲಿ ಮನುಷ್ಯರ ಕೈಯಾಡಿದ ಫ್ಲಿಂಟ್ (ಚಕಮಕಿ) ಕಲ್ಲುಗಳು. ಸುಮಾರು 8,000 ವರ್ಷ ಹಳೆಯವು. (ಲಾಬ್‌ಸ್ಟರ್ ಯಾರ ಪರವಾನಗಿಯನ್ನೂ ಕೇಳಲಿಲ್ಲ.) ಆ ದಿಬ್ಬವನ್ನು ನೀರಿನ ಸೆಳೆತ ಕೊರೆಯುತ್ತಲೇ ಇದೆ. ಅಲ್ಲಿ ಸುಮ್ನೆ ಬಿಡುವುದೆಂದರೆ ಕಳೆದುಕೊಳ್ಳುವುದು.

ಇನ್ನು ನಕ್ಷೆ. ನದಿ ಕಾಣುತ್ತದೆ, ಒಪ್ಪಿದೆ. ದಡದಲ್ಲಿ ಕೂತು ಕಲ್ಲು ಒಡೆದವನು ಬಿಟ್ಟುಹೋದ ಬೆರಳಗಲದ ಚಕ್ಕೆ ಕಾಣುವುದಿಲ್ಲ. ಅಂಥವು ಸಿಕ್ಕಿದ್ದೆಲ್ಲ ಜಾಸ್ತಿ ಅದೃಷ್ಟದಿಂದಲೇ. 1931ರಲ್ಲಿ ಕೊಲಿಂಡಾ ಎಂಬ ಮೀನು ಹಡಗಿನ ಬಲೆಗೆ ಕಪ್ಪು ಮಣ್ಣಿನ ಹೆಂಟೆಯೊಂದು ಬಿತ್ತು. ಒಡೆದರೆ ಒಳಗೆ ಸಾಲಾಗಿ ಹಲ್ಲು ಕೊರೆದ, ಕೊಂಬಿನ ಈಟಿಮೊನೆ! ಇಂಗ್ಲೆಂಡಿನ ಗ್ರೇಟ್ ಯಾರ್ಮತ್ ಊರಿನೆದುರು ಕಡಲಿನಲ್ಲಿ ಜಲ್ಲಿ ತೆಗೆಯುತ್ತಿದ್ದ ಏರಿಯಾ 240 ಎಂಬ ಜಾಗದ ಕಲ್ಲಿನ ಕೈಕೊಡಲಿಗಳು ಕಣ್ಣಿಗೆ ಬಿದ್ದದ್ದು ನೆದರ್‌ಲ್ಯಾಂಡ್ಸಿನಲ್ಲಿ, ಕಡಲಿನಿಂದ ಬಾಚಿ ತಂದ ಜಲ್ಲಿಯ ರಾಶಿಯಲ್ಲಿ, ಅದೂ ಒಬ್ಬ ಹವ್ಯಾಸಿಗೆ. ಆಮೇಲೆ ಆ ಜಾಗದಲ್ಲಿ ಜಲ್ಲಿ ತೆಗೆಯುವುದನ್ನು ನಿಲ್ಲಿಸಿದರು. ಸರಿಯೇ. ಆದರೆ ರಾಶಿಯಲ್ಲಿ ಸಿಕ್ಕ ಕಲ್ಲು ತಾನು ಯಾವ ಪದರದಲ್ಲಿ, ಯಾವುದರ ಪಕ್ಕ ಮಲಗಿತ್ತು ಅಂತ ಹೇಳುವುದಿಲ್ಲ.

ಕಡಲಲ್ಲಿ ಗಾಳಿಯಂತ್ರ ನಿಲ್ಲಿಸುವವರು ಹೇಗೂ ತಳಕ್ಕೆ ಕೊಳವೆ ಇಳಿಸಿ ಮಣ್ಣು ತೆಗೆದು ನೋಡುತ್ತಾರೆ. ಆ ಮಣ್ಣನ್ನು ಪುರಾತತ್ವದವರೂ ನೋಡಲಿ. ಹಳೆಯ ನೆಲ ಸಿಕ್ಕಿ, ಅಲ್ಲಿ ಕೊರೆತವೂ ಇದ್ದರೆ ಅಗೆಯಲಿ. ಮರ ನೆನೆಹಾಕುವ ತೊಟ್ಟಿಯ ಖರ್ಚು ಯೋಜನೆಯ ಲೆಕ್ಕಕ್ಕೇ ಸೇರಲಿ.