ಸತ್ಯಾಂಶ: ಸಿವಿಯಲ್ಲಿ ಕನ್ನಡ ಮಾಧ್ಯಮ ಮುಚ್ಚಿಡಬೇಕಾ?

ಕನ್ನಡ ಮಾಧ್ಯಮದಲ್ಲಿ ಓದಿದ್ದನ್ನು ಸಿವಿಯಲ್ಲಿ (ಕೆಲಸಕ್ಕೆ ಕೊಡುವ ಸ್ವವಿವರದಲ್ಲಿ) ಬರೆದರೆ ಕೆಲಸ ಸಿಗದು ಅನ್ನುವ ಸಂದೇಶ ಕಾಸರಗೋಡಿನ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತದೆ. ಮಕ್ಕಳ ಮೇಲಿನ ಕಾಳಜಿಯಿಂದಲೇ ಕಳಿಸುತ್ತಾರೆ. ಆದರೆ ಅದು ಸರಿಯಲ್ಲ.

ಕೇರಳ ಪಿಎಸ್‌ಸಿ (ಸರ್ಕಾರಿ ನೇಮಕಾತಿ ನಡೆಸುವ ಲೋಕಸೇವಾ ಆಯೋಗ) ಈ ಜಿಲ್ಲೆಯ ಕೆಲವು ಹುದ್ದೆಗಳಿಗೆ ಕನ್ನಡ, ಮಲಯಾಳಂ ಎರಡೂ ಬಲ್ಲವರನ್ನೇ ಕರೆಯುತ್ತದೆ. ಕನ್ನಡ ಮಾಧ್ಯಮದ ಶಿಕ್ಷಕರ ಹುದ್ದೆಗಳೂ ಇವೆ. ಇಂಗ್ಲಿಷ್ ಬೇಕಾದ ಕೆಲಸಗಳಿವೆ, ನಿಜ. ಅಲ್ಲಿ ಮುಖ್ಯವಾಗುವುದು ನಿಮ್ಮ ಈಗಿನ ಇಂಗ್ಲಿಷ್.

ಸುಮ್ನೆ ನಂಬಬೇಡಿ. ಪಿಎಸ್‌ಸಿ ವೆಬ್‌ಸೈಟಿನಲ್ಲಿ ಅಧಿಸೂಚನೆ ತೆರೆದು ಅರ್ಹತೆಯ ಭಾಗ ಓದಿ. ಖಾಸಗಿ ಕೆಲಸವಾದರೆ ಕಂಪನಿಯದೇ ಜಾಹೀರಾತು ನೋಡಿ. ಇಂಥ ಫಾರ್ವರ್ಡ್‌ಗಳಲ್ಲಿ ಕಂಪನಿಯ ಹೆಸರು, ತಾರೀಕು ಇರುವುದೇ ಅಪರೂಪ, ಅಲ್ವಾ?

ಸಿವಿಯಲ್ಲಿ ಭಾಷೆಯ ಸಾಲನ್ನು ಹೀಗೆ ಬರೆಯಬಹುದು: ‘ಕನ್ನಡ, ಮಲಯಾಳಂ: ಓದು, ಬರಹ, ಮಾತು. ತುಳು: ಮಾತು.’ ಬರುವಷ್ಟೇ ಬರೆಯಿರಿ. ಸಂದರ್ಶನದಲ್ಲಿ ಆ ಭಾಷೆಯಲ್ಲೇ ಪ್ರಶ್ನೆ ಕೇಳಬಹುದು.